ಬಂಡೆಯ ಮೇಲೆ ಬುತ್ತಿ ಬಿಚ್ಚಿದ ಜಾಗ

ಹಾವಸೆ ಎಣಿಸುವುದೂ ಒಂದು ಉದ್ಯೋಗ ಎಂದರೆ ನಮ್ಮವರು ಈಗಲೂ ನಗುತ್ತಾರೆ. ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಕನ್ನಡದವರೆಲ್ಲ ಸೇರುವ ಯುಗಾದಿ ಊಟದಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದವರು ಪಕ್ಕದಲ್ಲಿ ಕೂತು, "ಆಂಟಿ, ರಿಟೈರ್ ಆಗೋಕ್ ಮುಂಚೆ ಏನ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. "ಬಂಡೆ ಮೇಲಿನ ಪಾಚಿ ಎಣಿಸ್ತಿದ್ದೆ" ಎನ್ನುತ್ತೇನೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ತಮಾಷೆಯೋ ನಿಜವೋ ಗೊತ್ತಾಗದೆ ಮತ್ತೆ ಹೋಳಿಗೆಯ ಕಡೆ ತಿರುಗುತ್ತಾರೆ.

ಈ ಸಲ ಹಾಗಾಗಲಿಲ್ಲ. ಪರಿಸರ ವಿಜ್ಞಾನ ಓದಿದ ಇಬ್ಬರು ಹುಡುಗಿಯರು ಸಸ್ಯ ಸಮೀಕ್ಷೆಯ ಕೆಲಸಕ್ಕೆ ಸೇರುವವರಿದ್ದರು. "ಆಫೀಸಿನವ್ರು ಹೇಳೋದು ಬೇಡ, ಕೆಲ್ಸ ನಿಜವಾಗ್ಲೂ ಹೇಗಿರತ್ತೆ ಅಂತ ನೀವೇ ಬರ್ದುಕೊಡಿ ಆಂಟಿ" ಎಂದರು. ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ನನಗೆ ಒಮ್ಮೆ ಬಡ್ತಿ ಸಿಕ್ಕಿತು, ಕೈ ಇರುವ ಕುರ್ಚಿ ಕೊಟ್ಟರು, ಅಷ್ಟೇ. ಬರೆಯಬೇಕಾದ್ದು ನನ್ನ ತಪ್ಪುಗಳನ್ನು. ಅದರಲ್ಲೂ ಒಂದು ತಪ್ಪನ್ನು. ಅದರಿಂದ ಲೆನ್ನಾರ್ಟ್ ಎಂಬ ರೈತ ತನ್ನ ಕುರಿಗಳನ್ನು ಮಾರಬೇಕಾಯಿತು. ಅದಕ್ಕೆ ಕಾರಣ ನಾನು ಎಂಬುದು ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು ಕಾರ್ಕಳದವಳು. ನಮ್ಮ ಮನೆಯ ಹಿಂದೆಯೇ ದೊಡ್ಡ ಪಾದೆ, ಅಂದರೆ ಬೋಳು ಬಂಡೆ. ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ, ಮೆಣಸು ಒಣಹಾಕುತ್ತಿದ್ದೆವು. ಮಳೆಗಾಲ ಮುಗಿದ ಮೇಲೆ ಅಂಗಳ, ಮೆಟ್ಟಿಲು, ಬಾವಿಕಟ್ಟೆ ಎಲ್ಲ ಹಸಿರುಗಟ್ಟಿ ಜಾರುತ್ತಿದ್ದವು. ಅಮ್ಮ ತೆಂಗಿನ ಸಿಪ್ಪೆ ಕೈಗೆ ಕೊಟ್ಟು ಉಜ್ಜಲು ಕೂರಿಸುತ್ತಿದ್ದರು. ನಮ್ಮ ಪಾಲಿಗೆ ಹಾವಸೆ ಎಂದರೆ ಸೊಂಟ ಮುರಿಯಲು ಕಾದು ಕೂತ ವೈರಿ. ಮುಂದೆ ಮಂಗಳೂರಿನಲ್ಲಿ ಸಸ್ಯಶಾಸ್ತ್ರ ಓದಿದೆ. ಮೈಸೂರಿನ ಸುರೇಶರನ್ನು ಮದುವೆಯಾಗಿ, ಅವರ ಎಂಜಿನಿಯರ್ ಕೆಲಸದ ಬೆನ್ನು ಹಿಡಿದು ಯೋನ್‌ಶೋಪಿಂಗ್‌ಗೆ ಬಂದೆ. ಮೊದಲ ಕೆಲವು ವರ್ಷ ದಾಗಿಸ್‌ನಲ್ಲಿ ಮಕ್ಕಳ ಮೂಗು ಒರೆಸುತ್ತ ಸ್ವೀಡಿಷ್ ಕಲಿತೆ. ಆ ಶಿಶುವಿಹಾರದ ಮಕ್ಕಳಷ್ಟು ಖಡಕ್ಕಾಗಿ ನನ್ನ ಉಚ್ಚಾರಣೆ ತಿದ್ದಿದವರು ಇನ್ನಾರೂ ಇಲ್ಲ.

ಆಮೇಲೆ ಒಂದು ಸಣ್ಣ ಸಮೀಕ್ಷಾ ಕಚೇರಿಯಲ್ಲಿ ಬೇಸಿಗೆಯ ಕೆಲಸಕ್ಕೆ ಸಂದರ್ಶನ. ಎದುರಿಗೆ ಗುನ್ನೆಲ್ ಕೂತಿದ್ದಳು. ಐವತ್ತರ ಆಸುಪಾಸು, ಕತ್ತಿಗೆ ದಾರದಲ್ಲಿ ನೇತುಬಿಟ್ಟ ಭೂತಗನ್ನಡಿ, ಮುಖದಲ್ಲಿ ನಗು ಎಂಬುದಿಲ್ಲ. "ಹಾವಸೆಯ ಜೊತೆ ನಿನಗೆ ಏನು ಅನುಭವ ಇದೆ?" ಎಂದಳು. ಇಲ್ಲಿ ಎಲ್ಲರೂ ಎಲ್ಲರಿಗೂ ನೀನು ಎನ್ನುತ್ತಾರೆ. ಹಾಗಾಗಿ ಅವಳನ್ನು ಅವಳು ಎಂದೇ ಬರೆಯುತ್ತೇನೆ, ಅಗೌರವ ಎಂದುಕೊಳ್ಳಬೇಡಿ. ನಾನು "ಪ್ರತಿ ವರ್ಷ ಕೆರೆದು ಎಸೆದಿದ್ದೇನೆ" ಎಂದೆ. ಗುನ್ನೆಲ್ ಬರೆದುಕೊಂಡಳು. ಕೆಲಸ ಸಿಕ್ಕಿತು. ಮುಂದೆ ಯಾವಾಗಲೋ ಕೇಳಿದ್ದಕ್ಕೆ, "ಉಳಿದವರೆಲ್ಲ ಪುಸ್ತಕದ ಮಾತು ಹೇಳಿದರು. ಅದು ಕಲ್ಲಿನ ಯಾವ ಕಡೆ ಬೆಳೆಯುತ್ತದೆ ಅನ್ನುವುದು ನಿನ್ನ ಕೈಗೆ ಗೊತ್ತಿತ್ತು" ಎಂದಳು. ಅವಳಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ಹಾವಸೆ ಎಂದರೆ ನೆರಳು, ತೇವ ಎಂದು ನಾವು ತಿಳಿದಿರುತ್ತೇವೆ. ನಾನು ಜೀವಮಾನವಿಡೀ ಬೆನ್ನು ಹತ್ತಿದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು. ಬಿಸಿಲು ಬಡಿಯುವ, ಗಾಳಿ ಒಣಗಿಸುವ, ಒಂದು ಚಿಟಿಕೆ ಮಣ್ಣೂ ಇಲ್ಲದ ಬೋಳು ಬಂಡೆಯ ಮೇಲೆ ಬೆಳೆಯುವ ಗ್ರಿಮಿಯಾ ಎಂಬ ಕುಲದ ಒಂದು ಹಾವಸೆ. ಅಳಿವಿನ ಅಂಚಿನಲ್ಲಿರುವವುಗಳ ಕೆಂಪು ಪಟ್ಟಿಯಲ್ಲಿ ಅದರ ಹೆಸರಿದೆ. ನಾಣ್ಯದಗಲದ ಸಣ್ಣ ದಿಂಬುಗಳಂತೆ ಬಂಡೆಗೆ ಅಂಟಿಕೊಂಡಿರುತ್ತದೆ. ಪ್ರತಿ ಎಲೆಯ ತುದಿಗೂ ಒಂದು ಬಿಳಿ ಕೂದಲು. ಒಣಗಿದಾಗ ಇಡೀ ದಿಂಬು ಬೂದು ಬಣ್ಣಕ್ಕೆ ತಿರುಗಿ, ನಮ್ಮಜ್ಜಿಯ ತಲೆಯ ಹಾಗೆ ಕಾಣುತ್ತಿತ್ತು. ಅದಕ್ಕೇ ನಾನು ಅವನ್ನು ಅಜ್ಜಿಯರು ಎಂದು ಕರೆದೆ. ಮನೆಗೆ ಬಂದರೆ ಸುರೇಶರೂ, "ಏನು, ಅಜ್ಜಿಯರೆಲ್ಲ ಕ್ಷೇಮವಾ?" ಎಂದೇ ಕೇಳುತ್ತಿದ್ದರು.

ಒಣಗಿದ ಅಜ್ಜಿಯನ್ನು ನೋಡಿದರೆ ಸತ್ತಿದೆ ಎಂದೇ ಅನಿಸುತ್ತದೆ. ಸಣ್ಣ ಬಾಟಲಿಯಿಂದ ನೀರು ಸಿಂಪಡಿಸಿ ಉಸಿರು ಬಿಗಿಹಿಡಿದು ಕಾಯಬೇಕು. ನೋಡನೋಡುತ್ತ ಎಲೆಗಳು ಬಿಚ್ಚಿಕೊಂಡು ಹಸಿರಾಗುತ್ತವೆ. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ನನಗೆ ಖುಷಿಯಾಗುತ್ತಿತ್ತು. ಸಿಂಪಡಿಸುವುದಕ್ಕೆ ಮಳೆನೀರೇ ಆಗಬೇಕು ಎಂಬುದು ಗುನ್ನೆಲ್ ಹಾಕಿದ ಕಟ್ಟಳೆ. ನಲ್ಲಿನೀರಿನಲ್ಲಿ ಸುಣ್ಣ ಇರುತ್ತದೆ, ಏನೂ ಇಲ್ಲದ ಕಡೆ ಬದುಕಲು ಕಲಿತ ಜೀವಕ್ಕೆ ಅಷ್ಟು ಸುಣ್ಣವೂ ಹೊರೆ. ನಾನು ಈ ಕಟ್ಟಳೆಯನ್ನು ಮಡಿಯಂತೆ ಪಾಲಿಸಿದೆ. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಮಳೆನೀರು ಹಿಡಿದು, ಬಟ್ಟೆಯಲ್ಲಿ ಸೋಸಿ ಒಯ್ಯುತ್ತಿದ್ದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ತಿಂಗಳಲ್ಲೇ ಒಂದು ಎಡವಟ್ಟು. ಒಂದು ಬಂಡೆಯ ತುಂಬ ಅಜ್ಜಿಯರು ಸಿಕ್ಕಿದರೆಂದು ಕುಣಿದಾಡಿ ಗುನ್ನೆಲ್‌ಗೆ ಫೋನ್ ಮಾಡಿದೆ. ಅವಳು ಕಾರು ಓಡಿಸಿಕೊಂಡು ಅಷ್ಟು ದೂರದಿಂದ ಬಂದಳು, ಮಂಡಿಯೂರಿದಳು, ನೀರು ಸಿಂಪಡಿಸಿ ಭೂತಗನ್ನಡಿ ಹಿಡಿದಳು. ಊರೆಲ್ಲ ಸಿಗುವ ಮಾಮೂಲಿ ಜಾತಿ. ಬಯ್ಯಲಿಲ್ಲ. ಬಂಡೆಯ ಮೇಲೆ ಕೂತು ತನ್ನ ಬ್ರೆಡ್ಡು ತಿಂದು, ಥರ್ಮಸ್ಸಿನ ಕಾಫಿ ಕುಡಿದು, "ನಿನ್ನ ಬಸ್ಸು ಎಷ್ಟು ಹೊತ್ತಿಗೆ?" ಎಂದು ಮಾತ್ರ ಕೇಳಿದಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಇನ್ನೊಮ್ಮೆ ಬಂಡೆಗೆ ಕೆನ್ನೆ ಒತ್ತಿ, ಕಣ್ಣಿಗೆ ಭೂತಗನ್ನಡಿ ಹಿಡಿದು ಮಲಗಿದ್ದೆ. ಈ ಕೆಲಸದಲ್ಲಿ ಅರ್ಧ ದಿನ ಹಾಗೆಯೇ ಕಳೆಯುತ್ತದೆ. ಬೆನ್ನಿನ ಮೇಲೆ ಏನೋ ಬಿದ್ದ ಹಾಗಾಯಿತು. ನೋಡಿದರೆ ಒಂದು ಕೋಟು. ನಾಯಿ ತಿರುಗಾಡಿಸಲು ಬಂದ ಹೆಂಗಸೊಬ್ಬಳು ನನಗೆ ಕೋಟು ಹೊದಿಸಿ, ಆಂಬುಲೆನ್ಸಿಗೆ ಫೋನು ಹಚ್ಚಿದ್ದಳು. "ಸತ್ತಿಲ್ಲ, ಎಣಿಸುತ್ತಿದ್ದೇನೆ" ಎಂದು ಸ್ವೀಡಿಷ್‌ನಲ್ಲಿ ಹೇಳಬೇಕಾಯಿತು. ಅಂದಿನಿಂದ ಪಕ್ಕದಲ್ಲಿ ಒಂದು ಹಳದಿ ಜಾಕೆಟ್ ಹರಡಿಟ್ಟು ಮಲಗುತ್ತಿದ್ದೆ. ನೀವೂ ಹಾಗೆ ಮಾಡಿ. ಭೂತಗನ್ನಡಿ ಎರಡು ಒಯ್ಯಿರಿ, ಒಂದು ಕಳೆದೇ ಕಳೆಯುತ್ತದೆ. ಸಂಜೆ ಬಂದ ಕೂಡಲೇ ಮೊಣಕಾಲಿನ ಹಿಂದೆ ರಕ್ತ ಹೀರುವ ಉಣುಗು ಕಚ್ಚಿದೆಯೇ ನೋಡಿಕೊಳ್ಳಿ.

ಆಗಿನ ಲೆಕ್ಕದ ಕ್ರಮವೇ ಬೇರೆ. ಬಂಡೆಗೆ ನಾಲ್ಕು ಸಣ್ಣ ತಿರುಪುಮೊಳೆ ಕೂರಿಸಿ ಚೌಕ ಗುರುತಿಸುತ್ತಿದ್ದೆವು. ಅದರ ಮೇಲೆ ಪಾರದರ್ಶಕ ಹಾಳೆ ಹಾಸಿ ಪ್ರತಿ ಅಜ್ಜಿಯ ಅಂಚನ್ನೂ ಪೆನ್ನಿನಲ್ಲಿ ತಿದ್ದುವುದು. ಎರಡು ವರ್ಷ ಬಿಟ್ಟು ಮತ್ತೆ ಅದೇ ಮೊಳೆಗಳ ಮೇಲೆ ಹೊಸ ಹಾಳೆ. ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಯಾವುದು ಬೆಳೆದಿದೆ, ಯಾವುದು ಹೋಗಿದೆ ತಿಳಿಯುತ್ತಿತ್ತು. ಟಿಪ್ಪಣಿಗೂ ಗುನ್ನೆಲ್‌ಳದೊಂದು ಪದ್ಧತಿ ಇತ್ತು. ಕಣ್ಣಾರೆ ಕಂಡದ್ದನ್ನು ನೀಲಿ ಪೆನ್ನಿನಲ್ಲಿ ಬರೆಯಬೇಕು, ಊಹಿಸಿದ್ದನ್ನು ಕೆಂಪಿನಲ್ಲಿ. ಮುಂದೆ ಎಲ್ಲ ಟ್ಯಾಬ್ಲೆಟ್ಟಿಗೆ ಬಂತು. ಅದರಲ್ಲಿ "ಕಾರಣ" ಎಂದೊಂದು ಕಾಲಮ್ಮು, ಬೆರಳು ಒತ್ತಿದರೆ ಪಟ್ಟಿ ಬಿಚ್ಚುತ್ತದೆ, ಒಂದನ್ನು ಆರಿಸಬೇಕು. ಕೆಂಪೂ ಇಲ್ಲ, ನೀಲಿಯೂ ಇಲ್ಲ. ಕೆಲಸ ಬೇಗ ಮುಗಿಯುತ್ತಿತ್ತು, ನಾನು ಸಂತೋಷಪಟ್ಟವಳೇ.

ಈಗ ಕುರಿಗುಡ್ಡಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿ ಏಳೆಂಟು ವರ್ಷವಾದ ಮೇಲೆ ಅದು ನನ್ನ ಪಾಲಿಗೆ ಬಂತು. ಊರವರು ಸ್ವೀಡಿಷ್‌ನಲ್ಲಿ ಕರೆಯುವ ಹೆಸರಿಗೂ ಅದೇ ಅರ್ಥ. ಬಸ್ಸಿಳಿದು ಅರ್ಧ ಗಂಟೆ ನಡೆದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಂಡೆ. ಅದರ ಮೇಲೆ ನಲವತ್ತಕ್ಕೂ ಹೆಚ್ಚು ಅಜ್ಜಿಯರಿದ್ದರು. ನಮ್ಮ ಸುತ್ತಿನಲ್ಲಿ ಅಷ್ಟು ದೊಡ್ಡ ಸಂಸಾರ ಬೇರೆಲ್ಲೂ ಇರಲಿಲ್ಲ. ಹಾಗಾಗಿ ಹೊಸಬರಿಗೆ ಕಲಿಸುವುದೂ ಅಲ್ಲೇ, ಬೇರೆ ಬಂಡೆಗಳ ಜೊತೆ ಹೋಲಿಸಿ ನೋಡುವುದೂ ಅಲ್ಲೇ. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ಬಂಡೆಯ ನೆತ್ತಿಯಲ್ಲಿ ಕೂರಲು ಹೇಳಿ ಮಾಡಿಸಿದಂಥ ಒಂದು ಚಪ್ಪಟೆ ಜಾಗ. ಅದೇ ನನ್ನ ಬುತ್ತಿಯ ಜಾಗವಾಯಿತು. ಎದುರಿಗೆ ದೂರದಲ್ಲಿ ವೆಟ್ಟರ್ನ್ ಸರೋವರದ ನೀಲಿ, ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಸುರೇಶರು ಬೆಳಿಗ್ಗೆ ಬೇಗ ಏಳುವವರು, ನನಗೆ ಬುತ್ತಿ ಕಟ್ಟುತ್ತಿದ್ದುದು ಅವರೇ. ಹೆಚ್ಚಾಗಿ ಮೊಸರನ್ನ, ಉಪ್ಪಿನಕಾಯಿ.

ಗುಡ್ಡ ಲೆನ್ನಾರ್ಟ್‌ನದು. ಎತ್ತರದ ಆಳು, ಮಾತು ಕಡಿಮೆ, ವಯಸ್ಸು ಆಗಲೇ ಅರವತ್ತು ದಾಟಿತ್ತು. ಅಜ್ಜನ ಕಾಲದಿಂದ ಅಲ್ಲಿ ಅವರ ಕುರಿಗಳು ಮೇಯುತ್ತಿದ್ದವು. ನಾನು ಹೋದಾಗೆಲ್ಲ ಕೈ ಎತ್ತುತ್ತಿದ್ದ. ಒಮ್ಮೊಮ್ಮೆ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಕರೆದು ಕಾಫಿಯ ಜೊತೆ ದಾಲ್ಚಿನ್ನಿಯ ಬನ್ನು ಕೊಡುತ್ತಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಕುರಿಗಳಿಗೆಲ್ಲ ಹೆಸರಿತ್ತು. ಅದರಲ್ಲೊಂದಕ್ಕೆ ನನ್ನ ಹೆಸರಿಟ್ಟಿದ್ದ. ಶಶಿಕಲಾ ಎನ್ನಲು ಬರದೆ ಅದು "ಕಲ್ಲಾ" ಆಗಿತ್ತು.

ವರ್ಷಗಳು ಹೋದ ಹಾಗೆ ಅಜ್ಜಿಯರು ಕಡಿಮೆಯಾಗತೊಡಗಿದರು. ಮೊದಲು ಎರಡು, ಆಮೇಲೆ ಐದು. ಅವು ಇದ್ದ ಜಾಗದಲ್ಲಿ ಕೊಬ್ಬಿದ ಹಸಿರು ಜಾತಿಗಳು ಹಬ್ಬುತ್ತಿದ್ದವು. ಗೊಬ್ಬರ ಬಿದ್ದ ಕಡೆ ಬರುವಂಥವು. ರೋಗ ನನಗೆ ಕೂಡಲೇ ತಿಳಿಯಿತು. ಏನೂ ಇಲ್ಲದ ಬಂಡೆಗೆ ಎಲ್ಲಿಂದಲೋ ಸಾರ ಬಂದು ಬೀಳುತ್ತಿದೆ. ಬಂಡೆಯ ಬುಡದಲ್ಲಿ ಕುರಿಯ ಹಿಕ್ಕೆ, ಪೊದೆಗೆ ಸಿಕ್ಕಿಕೊಂಡ ಉಣ್ಣೆ. ಇನ್ನೇನು ಬೇಕು? ಕಾರಣದ ಕಾಲಮ್ಮಿನಲ್ಲಿ "ಕುರಿ" ಎಂದು ಒತ್ತಿದೆ.

ಗುನ್ನೆಲ್ ಆಗ ಇನ್ನೂ ಕೆಲಸದಲ್ಲಿದ್ದಳು. ವರದಿ ಓದಿ, "ಕುರಿ ಮೇಲೆ ಹತ್ತಿದ್ದನ್ನು ನೋಡಿದೆಯಾ?" ಎಂದಳು.

"ಬೇರೆ ಇನ್ನೇನಿದೆ ಅಲ್ಲಿ?" ಎಂದೆ.

ಅವಳು ವರದಿಗೆ ಸಹಿ ಹಾಕಿದಳು. ಹದಿನೈದು ವರ್ಷದ ಅನುಭವ ಇರುವವಳನ್ನು ಇನ್ನೊಮ್ಮೆ ಕೇಳುವುದು ಹೇಗೆ ಎಂದು ಬಿಟ್ಟಿರಬೇಕು. ವರದಿ ಮೇಲಿನವರಿಗೆ ಹೋಯಿತು. ಬಂಡೆಯ ಸುತ್ತ, ಅದರ ಕೆಳಗಿನ ಒಳ್ಳೆಯ ಹುಲ್ಲುಗಾವಲನ್ನೂ ಸೇರಿಸಿ ಬೇಲಿ ಹಾಕಬೇಕು, ಕುರಿ ಬಿಡಕೂಡದು ಎಂದು ತೀರ್ಮಾನವಾಯಿತು. ನಾನು ಕೊಟ್ಟ ಮಾಹಿತಿಗೆ ಅವರು ಮಾಡಿದ್ದು ಸರಿಯೇ. ಮಾಹಿತಿ ಸರಿ ಇರಲಿಲ್ಲ.

ಲೆನ್ನಾರ್ಟ್‌ಗೆ ಮುಂಚಿತವಾಗಿ ನಾನೇ ಹೇಳಲು ಹೋದೆ. ಅಡುಗೆಮನೆಯ ಮೇಜಿನ ಎದುರು ಕೂರಿಸಿ ಕಾಫಿ ಬಗ್ಗಿಸಿದ.

"ನನ್ನ ಕುರಿಗಳು ಆ ಬಂಡೆ ಹತ್ತುವುದಿಲ್ಲ" ಎಂದ. "ಜಾರುತ್ತೆ. ಮೇಲೆ ಹುಲ್ಲೂ ಇಲ್ಲ. ಯಾಕೆ ಹತ್ತುತ್ತವೆ?"

"ನೀನು ಇಡೀ ದಿನ ನೋಡುತ್ತಾ ಇರುವುದಿಲ್ಲವಲ್ಲ ಲೆನ್ನಾರ್ಟ್."

"ನೀನು ನೋಡಿದೆಯಾ?"

"ಹಿಕ್ಕೆ ನೋಡಿದ್ದೇನೆ."

"ನಮ್ಮಜ್ಜನ ಕಾಲದಲ್ಲಿ ಇದರ ಎರಡರಷ್ಟು ಕುರಿ ಇದ್ದವು. ನಿನ್ನ ಆ ಬೂದುಗೂದಲೂ ಇತ್ತು."

ಆದರೂ ನಾನು ಬಿಡಲಿಲ್ಲ. ಓದಿದವಳೆಂಬ ಜಂಬ. ಹಲವು ಕಾರಣಗಳು ಸೇರಿ ಹಾಗಾಗುತ್ತದೆ, ನಿನಗೆ ಹೇಳಿದರೆ ಅರ್ಥವಾಗುವುದಿಲ್ಲ ಎಂಬರ್ಥದ ಮಾತಾಡಿ ಎದ್ದುಬಂದೆ. ಕೆಳಗಿನ ಹುಲ್ಲುಗಾವಲು ಹೋದ ಮೇಲೆ ಮಂದೆ ಸಾಕಲು ಅವನಿಂದ ಆಗಲಿಲ್ಲ. ಆ ಶರತ್ಕಾಲದಲ್ಲಿ ಲಾರಿ ಬಂತು. ಕಲ್ಲಾಳನ್ನೂ ಹತ್ತಿಸಿದನಂತೆ. ಅಂದಿನಿಂದ ನಾನು ಗುಡ್ಡಕ್ಕೆ ಹೋದಾಗ ಅವನು ಕೈ ಎತ್ತುವುದು ನಿಂತಿತು.

ಕುರಿ ಹೋದರೂ ಅಜ್ಜಿಯರು ಚೇತರಿಸಿಕೊಳ್ಳಲಿಲ್ಲ. ಆ ಕೊಬ್ಬಿದ ಹಸಿರು ಇನ್ನಷ್ಟು ಹಬ್ಬಿತು. ಸಾಲದ್ದಕ್ಕೆ, ಮೇಯುವವರಿಲ್ಲದೆ ಬಂಡೆಯ ಬುಡದಲ್ಲಿ ಜೂನಿಪರ್ ಪೊದೆ, ಬರ್ಚ್ ಸಸಿ ಎದ್ದು ಬಂಡೆಯ ಕೆಳಭಾಗಕ್ಕೆ ನೆರಳು ಬಿತ್ತು. ಬಿಸಿಲಿಗೆ ಹುಟ್ಟಿದ ಜೀವ ನೆರಳಿನಲ್ಲಿ ಬದುಕುವುದಿಲ್ಲ. ವರದಿಯಲ್ಲಿ "ಹಳೆಯ ಸಾರದ ಪರಿಣಾಮ ಇನ್ನೂ ಇದೆ" ಎಂದು ಬರೆಯುತ್ತಾ ಹೋದೆ. ಗುನ್ನೆಲ್ ನಿವೃತ್ತಳಾದಳು. ಕೇಳುವವರು ಇರಲಿಲ್ಲ.

ನನ್ನ ನಿವೃತ್ತಿಗೆ ಆರು ವಾರ ಇದ್ದಾಗ ಜವಾಬ್ದಾರಿ ಒಪ್ಪಿಸಿಕೊಳ್ಳಲು ದೀಪಾ ಬಂದಳು. ಬೆಂಗಳೂರಿನವಳು, ನಲವತ್ತರ ಹೆಂಗಸು. ಹೆಲ್ಸಿಂಗ್‌ಬೋರ್ಯ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಬೇಸತ್ತು, ಮತ್ತೆ ಓದಿ ಈ ಕಡೆ ಬಂದವಳು. ಕಚೇರಿಯಲ್ಲಿ ಎಲ್ಲರ ಹೆಸರು ಹಿಡಿದು ಕರೆಯುವಳು, ನನ್ನನ್ನು ಮಾತ್ರ ಮೇಡಂ. "ಇಪ್ಪತ್ತು ಸಲ ಹೇಳಿದ್ದೀನಲ್ಲೇ, ಶಶಿ ಅಂತ ಕರಿ" ಎಂದರೆ, "ಆಗಲ್ಲ ಮೇಡಂ, ನಾಲಿಗೆ ಹೊರಳಲ್ಲ" ಎನ್ನುವಳು. ಅವಳು ನನ್ನ ಹಳೆಯ ಪಾರದರ್ಶಕ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದರ ಮೇಲೊಂದು ಜೋಡಿಸಿದ್ದಳು.

"ಮೇಡಂ, ಇದು ಸ್ವಲ್ಪ ವಿಚಿತ್ರ ಇದೆ ನೋಡಿ" ಎಂದು ತೋರಿಸಿದಳು. "ಕುರಿ ಅಂದ್ರೆ ಎಲ್ಲಾ ಕಡೆ ರ‍್ಯಾಂಡಮ್ ಆಗಿ ಹೋಗ್ಬೇಕಲ್ವಾ? ಇಲ್ಲಿ ಒಂದು ಪಟ್ಟೆ ಥರ ಹೋಗಿದೆ. ಟಾಪ್‌ನಿಂದ ಶುರು ಆಗಿ ಕೆಳಗಡೆ ಇಳ್ಕೊಂಡು ಹೋಗಿದೆ."

ನಿಜ. ಮೊದಲು ಹೋದವರೆಲ್ಲ ಮೇಲಿನವರು, ಆಮೇಲೆ ಅವರ ಕೆಳಗಿನವರು. ವರ್ಷಗಟ್ಟಲೆ ಹಾಳೆಗಳನ್ನು ಎರಡೆರಡಾಗಿ ಕಿಟಕಿಗೆ ಹಿಡಿದು ನೋಡಿದ್ದೆ. ಎಲ್ಲವನ್ನೂ ಒಟ್ಟಿಗೆ ನೋಡಿರಲಿಲ್ಲ. ಮೇಲೆ ಬಿರುಕಿನಿಂದ ನೀರು ಒಸರುತ್ತಿರಬಹುದು, ಹೋಗಿ ನೋಡೋಣ ಎಂದೆ.

ಮರುದಿನ ಬೆಳಿಗ್ಗೆಯಿಂದ ಬಿರುಕು ಹುಡುಕಿದೆವು, ಸಿಗಲಿಲ್ಲ. ಮಧ್ಯಾಹ್ನ ನೆತ್ತಿಯ ಚಪ್ಪಟೆ ಜಾಗದಲ್ಲಿ ಬುತ್ತಿ ಬಿಚ್ಚಿದೆವು. ದೀಪಾಳದು ಪುಳಿಯೋಗರೆ. ನನ್ನದು ಎಂದಿನ ಮೊಸರನ್ನ. ಡಬ್ಬಿ ತೆರೆದದ್ದೇ ಎರಡು ಕಾಗೆಗಳು ಬಂದು ಪಕ್ಕದಲ್ಲಿ ಕೂತವು. "ನಿಮ್ಮ ಫ್ರೆಂಡ್ಸಾ?" ಎಂದು ದೀಪಾ ನಕ್ಕಳು. ಹೌದು, ಎಷ್ಟೋ ವರ್ಷದ ಸ್ನೇಹ. ನಮ್ಮ ಮನೆಯಲ್ಲಿ ಉಣ್ಣುವ ಮೊದಲು ಕಾಗೆಗೊಂದು ತುತ್ತು ಇಡುವುದು ರೂಢಿ. ಇಲ್ಲಿಯೂ ಬಂಡೆಯ ಅಂಚಿನಲ್ಲಿ ಇಡುತ್ತಿದ್ದೆ. ಅವು ತಿಂದು, ಅಲ್ಲೇ ಕೂತು, ಹಿಕ್ಕೆ ಹಾಕಿ ಹೋಗುತ್ತಿದ್ದವು.

ದೀಪಾ ಉಂಡು ಮುಗಿಸಿದಳು. ನೀರಿನ ಬಾಟಲಿ ತೆಗೆದು, ಡಬ್ಬಿಗೆ ಸ್ವಲ್ಪ ಸುರಿದು ಕಲಕಿ ಚೆಲ್ಲಿದಳು. ಆಮೇಲೆ ಬಲಗೈಯನ್ನು ಬಂಡೆಯ ಅಂಚಿನಿಂದ ಆಚೆ ಚಾಚಿ, ಎಡಗೈಯಿಂದ ನೀರು ಬಿಟ್ಟುಕೊಂಡು ಬೆರಳು ಉಜ್ಜಿ ತೊಳೆದಳು. ಕೈಯಲ್ಲಿ ಉಣ್ಣುವ ನಾವೆಲ್ಲ ಮಾಡುವ ಹಾಗೆಯೇ. ಒಂದಗುಳನ್ನೂ ಕಾಗದದಲ್ಲಿ ಒರೆಸಿ ಬಿಸಾಡದೆ, ನೀಟಾಗಿ.

ಎಣ್ಣೆಯ ಹಳದಿ ನೀರು ಬಂಡೆಯ ಮೇಲೆ ಹರಿಯಿತು. ಒಂದು ಸಣ್ಣ ತಗ್ಗಿನಲ್ಲಿ ತಿರುಗಿ, ನೇರ ಕೆಳಗಿಳಿದು, ಆ ಹಸಿರು ಪಟ್ಟೆಯ ನಡುಮಧ್ಯಕ್ಕೆ ಹೋಯಿತು.

"ನಿಲ್ಸು!" ಎಂದು ಕೂಗಿದೆ.

ದೀಪಾ ಬೆಚ್ಚಿ ಬಾಟಲಿ ಬಿಟ್ಟಳು. "ಏನಾಯ್ತು ಮೇಡಂ? ಹಾವಾ?"

ನಾನು ಸಿಂಪಡಿಸುವ ಬಾಟಲಿಯ ಮುಚ್ಚಳ ತೆಗೆದು, ಅದೇ ಅಂಚಿನಲ್ಲಿ ಮಳೆನೀರನ್ನು ಸುರಿದೆ. ಅದೇ ತಗ್ಗು, ಅದೇ ತಿರುವು, ಅದೇ ಪಟ್ಟೆ. ಹದಿನೈದು ಬೇಸಿಗೆ, ವಾರಕ್ಕೆರಡು ಮೂರು ಸಲ, ಮೊಸರು, ಉಪ್ಪಿನಕಾಯಿಯ ಎಣ್ಣೆ, ಅನ್ನದ ಗಂಜಿ, ಮೇಲಿಂದ ಕಾಗೆಯ ಹಿಕ್ಕೆ. ಒಂದು ಹನಿ ನಲ್ಲಿನೀರು ತಾಗಬಾರದೆಂದು ಮಳೆನೀರು ಸೋಸಿ ತಂದವಳು, ಊಟವಾದ ಮೇಲೆ ಅದೇ ಬಂಡೆಗೆ ಮೊಸರು ತೊಳೆದು ಹೊಯ್ದಿದ್ದೆ. ಮನೆಯಲ್ಲಿ ಉಳಿದ ಮಜ್ಜಿಗೆ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲುವುದಿಲ್ಲವೇ? ಗಿಡಕ್ಕೆ ಒಳ್ಳೆಯದು ಎಂದೇ ಕೈಗೆ ಗೊತ್ತಿತ್ತು. ಗುನ್ನೆಲ್ ಮೆಚ್ಚಿದ ಕೈ ಅದೇ.

ದೀಪಾ ನೀರು ಹರಿದ ದಾರಿಯನ್ನೂ ನನ್ನ ಮುಖವನ್ನೂ ನೋಡಿದಳು. ಬುದ್ಧಿವಂತೆ. "ಅಯ್ಯೋ ಮೇಡಂ" ಎಂದಳು, ಅಷ್ಟೇ. ನಾನು ಅಲ್ಲೇ ಕೂತು ಅತ್ತೆ. ಅಜ್ಜಿಯರಿಗಾಗಿ ಅತ್ತೆನೋ ಲೆನ್ನಾರ್ಟ್‌ಗಾಗಿಯೋ ಈಗ ಹೇಳಲಾರೆ. ತುಂಬ ನಾಚಿಕೆಯಾಗಿತ್ತು, ಅದಂತೂ ನಿಜ.

ಸಂಜೆ ಸುರೇಶರಿಗೆ ಎಲ್ಲ ಹೇಳಿದೆ.

"ನಿನ್ನಿಂದಾನೇ ಆಗಿದ್ದು ಅಂತ ಗ್ಯಾರಂಟಿನಾ?" ಎಂದರು.

"ನೂರಕ್ಕೆ ನೂರು ಅಂತ ಹೇಗೆ ಹೇಳ್ಲಿ ರೀ? ಆದ್ರೆ ನೀರು ಹೋದ ದಾರಿ ನೋಡಿದೆ. ಕುರಿ ಹತ್ತಿದ್ದನ್ನ ಒಂದಿನಾನೂ ನೋಡಿಲ್ಲ."

"ಇನ್ನು ಆರು ವಾರ ಕಣೇ. ಆಮೇಲೆ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಲೆನ್ನಾರ್ಟ್ ಕೂಡ ಕೇಳಲ್ಲ. ಅದೇ ಕಷ್ಟ ಆಗಿರೋದು."

ಅವರು ಸಿಂಕಿನಲ್ಲಿ ನನ್ನ ಡಬ್ಬಿ ತೊಳೆಯುತ್ತಿದ್ದರು. ಅದನ್ನು ಬೋರಲು ಹಾಕಿ, "ಹಾಗಾದ್ರೆ ಮೊಸರನ್ನ ಕಟ್ಟಿದ್ದು ನಾನು ಅಂತಾನೂ ಬರೀಬೇಕಾಗತ್ತೆ" ಎಂದರು. ಆ ಹೊತ್ತಿನಲ್ಲೂ ನಗು ಬಂತು.

ತಿದ್ದುಪಡಿ ವರದಿ ಬರೆಯಲು ದೀಪಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕಾರಣದ ಪಟ್ಟಿಯಲ್ಲಿ ಕುರಿ, ದನ, ಬಂಡೆ ಹತ್ತುವವರು, ಗಣಿ, ನೆರಳು ಎಲ್ಲ ಇತ್ತು. "ಇದಕ್ಕೆ ಆಪ್ಷನ್ನೇ ಇಲ್ಲ ಮೇಡಂ" ಎಂದಳು. "ಇತರೆ" ಒತ್ತಿಸಿ, ಖಾಲಿ ಜಾಗದಲ್ಲಿ "ಸಮೀಕ್ಷಕಿ" ಎಂದು ಬರೆದೆ. ಕೆಳಗೆ ನನ್ನ ಹೆಸರು. ಕಂಡದ್ದು ಯಾವುದು, ಊಹೆ ಯಾವುದು ಎಂಬುದನ್ನು ಬೇರೆ ಬೇರೆ ಮಾಡಿ ಒಂದು ಪುಟ ಟಿಪ್ಪಣಿ ಸೇರಿಸಿದೆ. ಗುನ್ನೆಲ್‌ಗೂ ಒಂದು ಪ್ರತಿ ಕಳಿಸಿದೆ. ಅವಳಿಂದ ಒಂದೇ ಸಾಲಿನ ಉತ್ತರ ಬಂತು: "ನಾನು ಇನ್ನೊಮ್ಮೆ ಕೇಳಬೇಕಿತ್ತು."

ವರದಿ ಕಳಿಸುವ ಮೊದಲೇ ಲೆನ್ನಾರ್ಟ್‌ನ ಮನೆಗೆ ಹೋದೆ. ಅದೇ ಅಡುಗೆಮನೆ. ಈ ಸಲ ಕಾಫಿ ಕೊಡಲಿಲ್ಲ. ಎಂಬತ್ತರ ಹತ್ತಿರ ಬಂದಿದ್ದ, ಕೈ ನಡುಗುತ್ತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಕುರಿಯಲ್ಲ, ನನ್ನ ಊಟ. ನನ್ನ ಕೈ ತೊಳೆದ ನೀರು. ನಿನ್ನ ಮಾತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯಿತು.

ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳುತ್ತಾನೇನೋ ಎಂದು ಕಾದೆ, ಸುಳ್ಳೇಕೆ.

"ಹೆಸರು ಹಾಕಿ ಬರೆದಿದ್ದೀಯಾ?" ಎಂದ ಕೊನೆಗೆ.

"ಹಾಕಿದ್ದೇನೆ."

"ಬೇಲಿ ಕೀಳಲು ಅವರು ಒಪ್ಪಿದರೆ, ಬಂದು ನೀನೇ ಕೀಳು."

ಒಪ್ಪಿಗೆ ಬರಲು ಒಂದು ಚಳಿಗಾಲ ಕಳೆಯಿತು. ಪೊದೆ ಕಡಿಯಬೇಕು, ಬೇಲಿ ತೆಗೆಯಬೇಕು, ಬೇಸಿಗೆಯಲ್ಲಿ ಕುರಿ ಮೇಯಿಸಬೇಕು, ಬಂಡೆಯ ಮೇಲೆ ಯಾರೂ ಊಟ ಮಾಡಕೂಡದು ಎಂದು ಬರೆದಿದ್ದರು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಮೇ ತಿಂಗಳಲ್ಲಿ ಹೋದೆ. ಲೆನ್ನಾರ್ಟ್ ಇಕ್ಕಳ ಕೊಟ್ಟು, ತಾನೊಂದು ಸ್ಟೂಲು ಹಾಕಿಕೊಂಡು ಕೂತ. ಕಂಬಕ್ಕೆ ಬಲೆ ಬಿಗಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಡಬ್ಬದಲ್ಲಿ ಹಾಕಿದೆ. ಮೊಳೆ ಹುಲ್ಲಿನಲ್ಲಿ ಉಳಿದರೆ ಕುರಿಯ ಕಾಲಿಗೆ ಚುಚ್ಚುತ್ತದೆ ಎಂದು ಅವನು ಎಣಿಸುತ್ತಿದ್ದ. ಒಂದು ಬಿಟ್ಟರೂ, "ಅಲ್ಲಿ" ಎಂದು ಕೋಲಿನಿಂದ ತೋರಿಸುತ್ತಿದ್ದ. ಅವನಿಗೆ ಇನ್ನು ಮಂದೆ ಕಟ್ಟುವ ಶಕ್ತಿ ಇರಲಿಲ್ಲ. ಅವನ ತಂಗಿಯ ಮಗಳ ಆರು ಕುರಿಗಳು ಬರುವುದೆಂದು ಗೊತ್ತಾಗಿತ್ತು.

ಬಂಡೆಯ ಮೇಲೆ ಆಗ ಉಳಿದಿದ್ದ ಅಜ್ಜಿಯರು ಒಂಬತ್ತು. ಪಟ್ಟೆಯಿಂದ ದೂರ, ಪೂರ್ವದ ಅಂಚಿನಲ್ಲಿದ್ದವರು. ಅವರು ಉಳಿಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಅವರನ್ನು ಎಣಿಸುವವಳು ದೀಪಾ.

ಮಧ್ಯಾಹ್ನ ಗುಡ್ಡದ ಬುಡದಲ್ಲಿ, ಬಂಡೆಯಿಂದ ದೂರ, ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಲೆನ್ನಾರ್ಟ್ ತನ್ನ ಬ್ರೆಡ್ಡು ತಿಂದ. ಉಂಡಾದ ಮೇಲೆ ಎಂಜಲುಗೈ ಹಿಡಿದುಕೊಂಡು ಎಲ್ಲಿ ತೊಳೆಯಲಿ ಎಂದು ತೋಚದೆ ಕೂತೆ. ಅವನು ಕಷ್ಟಪಟ್ಟು ಎದ್ದು, ಮೋಟು ಗೋಡೆಯ ಹಿಂದಿನಿಂದ ಒಂದು ಹಳೆಯ ತಗಡಿನ ಬಕೆಟ್ಟು ತಂದು ನನ್ನ ಮುಂದಿಟ್ಟ. ಬೆಳಿಗ್ಗೆಯೇ ಮನೆಯಿಂದ ಹೊತ್ತು ತಂದಿಟ್ಟಿದ್ದನೆಂದು ಕಾಣುತ್ತದೆ.

"ಇದರಲ್ಲಿ ತೊಳಿ, ಕಲ್ಲಾ" ಎಂದ.

ತೊಳೆದೆ. ಡಬ್ಬಿಯನ್ನೂ ತೊಳೆದೆ. ನಾನು ಎತ್ತಿಕೊಳ್ಳುವ ಮೊದಲೇ ಅವನು ಬಕೆಟ್ಟಿನ ಹಿಡಿ ಹಿಡಿದು, ನಡುಗುವ ಕೈಯಲ್ಲಿ ಒಂದು ಹನಿಯೂ ಚೆಲ್ಲದ ಹಾಗೆ ನಿಧಾನವಾಗಿ ನಡೆದುಹೋಗಿ, ತನ್ನ ಆಲೂಗಡ್ಡೆ ಮಡಿಗೆ ಸುರಿದು ಬಂದ.